ಕ್ರೂಸ್ ಹತ್ತುವ ಮುನ್ನ: ಪಾಸ್‌ಪೋರ್ಟ್, ವೀಸಾ, ಗುರುತಿನ ಪತ್ರಗಳ ಸಿದ್ಧತೆ ಹೇಗೆ?

ಕ್ರೂಸ್ ಪ್ರವಾಸದಲ್ಲಿ ಟಿಕೆಟ್ ಒಂದೇ, ಮಲಗುವ ಕೋಣೆ ಒಂದೇ, ಸೂಟ್‌ಕೇಸ್ ಬಿಚ್ಚಿ ಬಟ್ಟೆ ಜೋಡಿಸುವುದೂ ಒಂದೇ ಸಲ. ಹೀಗಾಗಿ ಇದು ಒಂದೇ ಪ್ರಯಾಣ ಎಂಬ ಭಾವನೆ ಮೂಡುವುದು ಸಹಜ. ವಲಸೆ ಅಧಿಕಾರಿಗಳ ಲೆಕ್ಕದಲ್ಲಿ ಮಾತ್ರ ಹಡಗು ತಂಗುವ ಪ್ರತಿಯೊಂದು ವಿದೇಶಿ ಬಂದರೂ ಸಾಮಾನ್ಯವಾಗಿ ಪ್ರತ್ಯೇಕ ಪ್ರವೇಶ, ಅಲ್ಲಿಂದ ಹೊರಡುವುದು ಪ್ರತ್ಯೇಕ ನಿರ್ಗಮನ. ಟಿಕೆಟ್ಟಿನ ಹಣದಲ್ಲಿ ಊಟ, ವಸತಿ, ಮನರಂಜನೆ ಎಲ್ಲವೂ ಸೇರಿರಬಹುದು. ದಾಖಲೆಗಳ ಹೊಣೆ ಮಾತ್ರ ಪೂರ್ತಿಯಾಗಿ ಪ್ರಯಾಣಿಕರದ್ದು. ಪತ್ರಗಳು ಸರಿಯಿಲ್ಲವೆಂದು ಹಡಗುಕಟ್ಟೆಯಿಂದ ಹಿಂದೆ ಕಳುಹಿಸಿದರೆ ಕಟ್ಟಿದ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಆದ್ದರಿಂದ ಸಿದ್ಧತೆ ಬುಕಿಂಗ್‌ಗೂ ಮೊದಲೇ ಆರಂಭವಾಗಬೇಕು.

ಮೊದಲು ಮಾರ್ಗವನ್ನು ಓದಿ

ಹಡಗು ಮುಟ್ಟುವ ಬಂದರುಗಳನ್ನು ದಿನಾಂಕಸಹಿತ ಒಂದು ಹಾಳೆಯಲ್ಲಿ ಬರೆದುಕೊಂಡು, ಪ್ರತಿಯೊಂದರ ಎದುರು ಅದು ಯಾವ ದೇಶದ್ದು, ನಿಮ್ಮ ಪೌರತ್ವದವರಿಗೆ ಅಲ್ಲಿ ವೀಸಾ ಬೇಕೇ ಎಂಬುದನ್ನು ನಮೂದಿಸಿ. ಉದಾಹರಣೆಗೆ, ರೋಮ್ ನಗರದ ಬಂದರಾದ ಚಿವಿತಾವೆಕ್ಕಿಯಾದಿಂದ ಹೊರಟು, ಟರ್ಕಿಯ ಕುಶಾದಾಸಿಯಲ್ಲಿ ನಿಂತು, ಗ್ರೀಸಿನ ಪಿರೇಯಸ್ ತಲುಪುವ ಹಡಗನ್ನು ಗಮನಿಸಿ. ಇಟಲಿ, ಗ್ರೀಸ್ ಎರಡೂ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದಲ್ಲಿವೆ, ಟರ್ಕಿ ಅದರ ಹೊರಗಿದೆ. ವೀಸಾ ಅಗತ್ಯವಿರುವ ದೇಶದ ಪ್ರಜೆ ಒಂದೇ ಪ್ರವೇಶದ ಷೆಂಗೆನ್ ವೀಸಾ ಹಿಡಿದು ಹೊರಟರೆ, ಟರ್ಕಿಯಿಂದ ಗ್ರೀಸಿಗೆ ಬರುವಾಗ ಆ ವೀಸಾ ಆಗಲೇ ಬಳಕೆಯಾಗಿ ಮುಗಿದಿದೆ ಎಂಬ ಪೇಚಿಗೆ ಸಿಲುಕಬಹುದು. ಇಂಥ ಮಾರ್ಗಕ್ಕೆ ಬಹುಪ್ರವೇಶದ ವೀಸಾವನ್ನೇ ಕೇಳಬೇಕು, ಟರ್ಕಿಯ ನಿಯಮವನ್ನು ಬೇರೆಯಾಗಿ ನೋಡಬೇಕು. ಷೆಂಗೆನ್ ವಲಯದ ಹೊರಗಿರುವ ಮಾಂಟೆನೆಗ್ರೊದ ಕೊಟೊರ್ ಬಂದರನ್ನು ಮುಟ್ಟಿ ಬರುವ ಆಡ್ರಿಯಾಟಿಕ್ ಮಾರ್ಗಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಅಮೆರಿಕದ ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗಿ ಸಿಯಾಟಲ್‌ಗೇ ಮರಳುವ ಹಡಗನ್ನು ನೋಡಿ ಇದು ಅಮೆರಿಕದೊಳಗಿನ ಪ್ರವಾಸ ತಾನೇ ಎಂದುಕೊಳ್ಳುವವರು ಬಹಳ. ಅಲ್ಲಿ 1886ರ ಒಂದು ಹಳೆಯ ಕಾನೂನು ಇಂದಿಗೂ ಜೀವಂತವಾಗಿದೆ. ವಿದೇಶಿ ಧ್ವಜದ, ಅಂದರೆ ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ವಿದೇಶಿ ಬಂದರನ್ನು ಮುಟ್ಟದೆ ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸುವುದನ್ನು ಅದು ತಡೆಯುತ್ತದೆ. ದೊಡ್ಡ ಕ್ರೂಸ್ ಹಡಗುಗಳಲ್ಲಿ ಬಹುಪಾಲು ವಿದೇಶಿ ಧ್ವಜದವೇ ಆದ್ದರಿಂದ, ಸಿಯಾಟಲ್‌ನ ಹಡಗುಗಳು ಕೆಲವೇ ಗಂಟೆಗಳ ಮಟ್ಟಿಗಾದರೂ ಕೆನಡಾದ ವಿಕ್ಟೋರಿಯಾದಲ್ಲಿ ಲಂಗರು ಹಾಕುತ್ತವೆ. ಆ ಕೆಲವು ಗಂಟೆಗಳಿಗಾಗಿಯೇ ಪ್ರಯಾಣಿಕರು ಕೆನಡಾದ ನಿಯಮವನ್ನೂ ಪಾಲಿಸಬೇಕಾಗುತ್ತದೆ. ಮಯಾಮಿಯಿಂದ ಬಹಾಮಾಸ್‌ಗೆ ಹೋಗಿ ಮರಳುವ ವಿದೇಶೀಯರಿಗೂ ಅಮೆರಿಕದ ವೀಸಾ ಬಹುಪ್ರವೇಶದ್ದೇ ಆಗಿರುವುದು ಕ್ಷೇಮ.

'ನಾವು ಹಡಗಿನಿಂದ ಇಳಿಯುವುದೇ ಇಲ್ಲವಲ್ಲ' ಎಂಬ ವಾದ ಹೆಚ್ಚು ದೂರ ಸಾಗುವುದಿಲ್ಲ. ಕಡಲ ಸಂಚಾರವನ್ನು ಸುಗಮಗೊಳಿಸುವ 1965ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹಡಗು ಬಂದರಿಗೆ ಸಲ್ಲಿಸುವ ಪತ್ರಗಳಲ್ಲಿ ಪ್ರಯಾಣಿಕರ ಪಟ್ಟಿಯೂ ಒಂದು. ಇಳಿದವರು, ಇಳಿಯದವರು ಎಂಬ ಭೇದವಿಲ್ಲದೆ ಎಲ್ಲರ ಹೆಸರೂ ಅದರಲ್ಲಿರುತ್ತದೆ. ಕೆಲವು ದೇಶಗಳು ಕ್ರೂಸ್ ಪ್ರಯಾಣಿಕರಿಗೆ ವಿನಾಯಿತಿ ನೀಡುವುದುಂಟು. ಆದರೆ ಷರತ್ತುಗಳನ್ನು ಪೂರ್ತಿ ಓದಬೇಕು. ಚೀನಾ 2024ರ ಮೇ 15ರಂದು ಜಾರಿಗೆ ತಂದ ವಿನಾಯಿತಿ ಗುಂಪಾಗಿ ಬರುವವರಿಗೆ ಮಾತ್ರ. ಅಲ್ಲಿನ ಪ್ರವಾಸ ಸಂಸ್ಥೆಯೇ ಏರ್ಪಾಡು ಮಾಡಿರಬೇಕು, ಬಂದ ಹಡಗಿನಲ್ಲಿಯೇ ಮುಂದುವರಿಯಬೇಕು, ತಂಗುವ ಅವಧಿ 15 ದಿನ ಮೀರಬಾರದು. ಒಬ್ಬರೇ ಹೋಗುವವರಿಗೆ ಇದರಿಂದ ಪ್ರಯೋಜನವಿಲ್ಲ.

ಪಾಸ್‌ಪೋರ್ಟಿನ ಅವಧಿಯನ್ನು ಎಣಿಸುವ ಬಗೆ

ಪಾಸ್‌ಪೋರ್ಟ್ ಹಿಂತಿರುಗುವ ದಿನದವರೆಗೆ ಚಾಲ್ತಿಯಲ್ಲಿದ್ದರೆ ಸಾಲದು. ಪ್ರವಾಸ ಮುಗಿದ ಬಳಿಕವೂ ಆರು ತಿಂಗಳ ಅವಧಿ ಉಳಿದಿರಬೇಕೆಂದು ಹಲವು ದೇಶಗಳೂ ಕ್ರೂಸ್ ಕಂಪನಿಗಳೂ ಬಯಸುತ್ತವೆ. ಎಣಿಕೆ ಆರಂಭವಾಗಬೇಕಾದದ್ದು ಹಡಗು ಹತ್ತುವ ದಿನದಿಂದಲ್ಲ, ಇಳಿಯುವ ದಿನದಿಂದ. ಷೆಂಗೆನ್ ದೇಶಗಳ ನಿಯಮ ತುಸು ಭಿನ್ನ: ವಲಯದಿಂದ ಹೊರಡುವ ದಿನದ ಬಳಿಕ ಕನಿಷ್ಠ ಮೂರು ತಿಂಗಳು ಅವಧಿ ಉಳಿದಿರಬೇಕು, ಜೊತೆಗೆ ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ನೀಡಿದ್ದಾಗಿರಬೇಕು. ವೀಸಾ ಮತ್ತು ಮುದ್ರೆಗಳಿಗೆ ಒಂದೆರಡು ಖಾಲಿ ಪುಟಗಳು ಇರಲಿ. ನೀರು ತಾಗಿ ಉಬ್ಬಿದ, ಹೊಲಿಗೆ ಬಿಚ್ಚಿದ ಪುಸ್ತಕವನ್ನು ಅವಧಿ ಎಷ್ಟೇ ಉಳಿದಿದ್ದರೂ ನವೀಕರಿಸಿಕೊಳ್ಳುವುದು ಒಳ್ಳೆಯದು.

ಹೆಸರು ಅಕ್ಷರಶಃ ಒಂದೇ ಇರಲಿ

ಪಾಸ್‌ಪೋರ್ಟಿನಲ್ಲಿ ನಿಮ್ಮ ಫೋಟೊ ಇರುವ ಪುಟದ ಕೆಳಭಾಗವನ್ನು ಒಮ್ಮೆ ಕಣ್ಣಿನ ಹತ್ತಿರ ಹಿಡಿದು ನೋಡಿ. ಅಲ್ಲಿ ತಲಾ 44 ಅಕ್ಷರಗಳ ಎರಡು ಸಾಲುಗಳಿವೆ. ಹೆಸರು ಮುಗಿದ ಮೇಲೆ ಉಳಿಯುವ ಜಾಗವನ್ನು ಬಾಣದ ತಲೆಯಂಥ ಗುರುತುಗಳು ತುಂಬಿರುತ್ತವೆ. ಮೊದಲ ಸಾಲಿನಲ್ಲಿ ದೇಶದ ಸಂಕೇತಾಕ್ಷರಗಳ ಬಳಿಕ ಕುಲನಾಮ, ಎರಡು ಬಾಣಗಳ ಬಳಿಕ ಕೊಟ್ಟ ಹೆಸರು, ಅಂದರೆ ಕುಲನಾಮ ಬಿಟ್ಟು ಉಳಿದ ನಿಮ್ಮ ಹೆಸರು. ಎರಡನೆಯ ಸಾಲಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ, ಜನ್ಮದಿನಾಂಕ, ಅವಧಿ ಮುಗಿಯುವ ದಿನ. ಬಂದರಿನ ಯಂತ್ರ ಓದುವುದು ಈ ಎರಡು ಸಾಲುಗಳನ್ನೇ. ಬುಕಿಂಗ್‌ನಲ್ಲಿಯೂ ವೀಸಾ ಅರ್ಜಿಯಲ್ಲಿಯೂ ಹೆಸರು ಇದಕ್ಕೆ ಹೊಂದಬೇಕು. ಮನೆಯಲ್ಲಿ ಕರೆಯುವ ಹೆಸರು, ಮದುವೆಯ ನಂತರ ಬದಲಾದರೂ ಪಾಸ್‌ಪೋರ್ಟಿಗೆ ಇನ್ನೂ ಏರದ ಹೆಸರು, ಇವೆರಡೂ ಬೇಡ.

ಇನಿಷಿಯಲ್ ಇಟ್ಟುಕೊಂಡವರಿಗೂ ಒಂದೇ ಹೆಸರಿನವರಿಗೂ ಇಲ್ಲಿ ಕಷ್ಟ ಜಾಸ್ತಿ. ಆನ್‌ಲೈನ್ ಅರ್ಜಿ ಕುಲನಾಮದ ಚೌಕವನ್ನು ಖಾಲಿ ಬಿಡಲು ಒಪ್ಪುವುದಿಲ್ಲ, ಪಾಸ್‌ಪೋರ್ಟಿನಲ್ಲಿ ಅದು ಖಾಲಿಯೇ ಇದೆ. ಒಂದೇ ಹೆಸರಿನವರಿಗೆ ಅಮೆರಿಕದ ವೀಸಾದಲ್ಲಿ ಕೊಟ್ಟ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ತಿಳಿದಿಲ್ಲ ಎಂದು ಮುದ್ರಿಸುತ್ತಾರೆ. ಅದನ್ನು ತಪ್ಪೆಂದು ಭಾವಿಸಿ ಗಾಬರಿಪಡಬೇಕಿಲ್ಲ. ಇಂಥವರು ತಮ್ಮ ಊಹೆಯಂತೆ ಚೌಕ ತುಂಬುವ ಬದಲು ಕ್ರೂಸ್ ಕಂಪನಿಯನ್ನು ಲಿಖಿತವಾಗಿ ಕೇಳಿ, ಬಂದ ಉತ್ತರವನ್ನು ಮುದ್ರಿಸಿಟ್ಟುಕೊಳ್ಳಬೇಕು.

ಪಾಸ್‌ಪೋರ್ಟ್ ಇಲ್ಲದೆಯೂ ಸಾಧ್ಯವೇ?

ಈ ಪ್ರಶ್ನೆ ಹುಟ್ಟಿರುವುದು ಅಮೆರಿಕದ ನಿಯಮವೊಂದರಿಂದ. 2009ರ ಜೂನ್ 1ರಿಂದ ಭೂಮಾರ್ಗ ಮತ್ತು ಸಮುದ್ರಮಾರ್ಗಗಳಿಗೆ ಅನ್ವಯವಾದ ಪಶ್ಚಿಮಾರ್ಧಗೋಳದ (ಕೆನಡಾ, ಮೆಕ್ಸಿಕೊ, ಕೆರಿಬಿಯನ್ ದ್ವೀಪಗಳ ಕಡೆಯ) ಪ್ರಯಾಣ ನಿಯಮಗಳಲ್ಲಿ, ಅಮೆರಿಕದ ಒಂದು ಬಂದರಿನಿಂದ ಹೊರಟು ಅದೇ ಬಂದರಿಗೆ ಮರಳುವ ಪ್ರವಾಸಕ್ಕೆ ರಿಯಾಯಿತಿ ಇದೆ. ಅಲ್ಲಿನ ಪೌರರು ಸರ್ಕಾರ ನೀಡಿದ ಫೋಟೊ ಗುರುತಿನ ಚೀಟಿ ಮತ್ತು ಜನನ ಪ್ರಮಾಣಪತ್ರ ತೋರಿಸಿ ದೇಶದೊಳಕ್ಕೆ ಮರಳಬಹುದು. 16 ವರ್ಷದೊಳಗಿನ ಮಕ್ಕಳಿಗೆ ಜನನ ಪ್ರಮಾಣಪತ್ರವೊಂದೇ ಸಾಕು. ಇದು ಅಮೆರಿಕಕ್ಕೆ ಮರಳುವ ಕುರಿತ ನಿಯಮ, ನಡುವೆ ಸಿಗುವ ದ್ವೀಪರಾಷ್ಟ್ರಗಳು ಇದಕ್ಕೆ ಬದ್ಧವಲ್ಲ. ಬೇರೆ ದೇಶಗಳ ಪ್ರಜೆಗಳಿಗೆ ಈ ರಿಯಾಯಿತಿ ಇಲ್ಲ.

ಅಮೆರಿಕದ ಪೌರರಿಗೂ ನಾನು ಪಾಸ್‌ಪೋರ್ಟ್ ಇಟ್ಟುಕೊಳ್ಳಿ ಎಂದೇ ಹೇಳುತ್ತೇನೆ. ನಡುವಿನ ಬಂದರಿನಲ್ಲಿ ಕಾಯಿಲೆ ಬಿದ್ದರೆ ಅಥವಾ ಹಡಗು ತಪ್ಪಿದರೆ ಮನೆಗೆ ಮರಳುವ ದಾರಿ ವಿಮಾನವೇ, ಮತ್ತು ಜನನ ಪ್ರಮಾಣಪತ್ರ ತೋರಿಸಿ ಅಂತರರಾಷ್ಟ್ರೀಯ ವಿಮಾನ ಹತ್ತಲಾಗದು. ಅಗ್ಗವೆಂದು ಕೆಲವರು ಕೊಳ್ಳುವ, ಅಮೆರಿಕ ಸರ್ಕಾರ ನೀಡುವ ಜೇಬಿನ ಗಾತ್ರದ ಪಾಸ್‌ಪೋರ್ಟ್ ಕಾರ್ಡ್ ಕೂಡ ಅಂತರರಾಷ್ಟ್ರೀಯ ವಿಮಾನಕ್ಕೆ ನಡೆಯುವುದಿಲ್ಲ.

ಮಕ್ಕಳು, ಲಸಿಕೆ ಪತ್ರ

ತಂದೆ ತಾಯಿಯರಲ್ಲಿ ಒಬ್ಬರೊಂದಿಗೆ ಮಾತ್ರ, ಅಥವಾ ಅಜ್ಜ ಅಜ್ಜಿಯರೊಂದಿಗೆ ಹೊರಟ ಮಕ್ಕಳಿಗೆ ಉಳಿದ ಪೋಷಕರ ನೋಟರಿ ದೃಢೀಕೃತ ಒಪ್ಪಿಗೆ ಪತ್ರ ಇರಲಿ. ಅದರಲ್ಲಿ ಪ್ರಯಾಣದ ದಿನಾಂಕ, ಜೊತೆಗಿರುವವರ ಹೆಸರು, ಒಪ್ಪಿಗೆ ಕೊಟ್ಟವರ ಫೋನ್ ಸಂಖ್ಯೆ ಇರಬೇಕು. ಆಫ್ರಿಕಾ ಅಥವಾ ದಕ್ಷಿಣ ಅಮೆರಿಕದ ಕೆಲವು ಬಂದರುಗಳಿರುವ ಮಾರ್ಗವಾದರೆ ಹಳದಿ ಜ್ವರದ ಲಸಿಕೆ ಪತ್ರ ಬೇಕಾಗಬಹುದು. ಲಸಿಕೆ ಪಡೆದ 10 ದಿನಗಳ ನಂತರವಷ್ಟೇ ಅದು ಊರ್ಜಿತ. 2016ರ ಜುಲೈಯಲ್ಲಿ ಬದಲಾದ ನಿಯಮದಂತೆ ಅದು ಜೀವನಪರ್ಯಂತ ಮಾನ್ಯ.

ಹತ್ತುವ ದಿನ ಮತ್ತು ಆಮೇಲೆ

ಹಡಗುಕಟ್ಟೆಯಲ್ಲಿ ದೊಡ್ಡ ಸೂಟ್‌ಕೇಸುಗಳನ್ನು ಹಮಾಲರು ಬಾಗಿಲಲ್ಲೇ ತೆಗೆದುಕೊಂಡುಬಿಡುತ್ತಾರೆ. ಅವು ಕೋಣೆಯ ಮುಂದೆ ಬಂದು ನಿಲ್ಲುವುದು ಮಧ್ಯಾಹ್ನಕ್ಕೋ ಸಂಜೆಗೋ. ಪಾಸ್‌ಪೋರ್ಟನ್ನು ಅದರೊಳಗೆ ಭದ್ರವಾಗಿಟ್ಟು ಬೀಗ ಹಾಕಿ ಕೊಟ್ಟವರು, ಹತ್ತು ಹೆಜ್ಜೆ ಮುಂದಿನ ತಪಾಸಣೆ ಮೇಜಿನ ಎದುರು ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ಪಾಸ್‌ಪೋರ್ಟ್, ವೀಸಾ ಪ್ರತಿಗಳು, ಬೋರ್ಡಿಂಗ್ ಪಾಸ್ ಎಲ್ಲವೂ ಹೆಗಲಿನ ಚೀಲದಲ್ಲಿರಲಿ.

ತಪಾಸಣೆ ಮುಗಿದ ಮೇಲೆ ಫೋಟೊ ತೆಗೆದು, ಕೋಣೆಯ ಕೀಲಿಯೂ ಗುರುತಿನ ಚೀಟಿಯೂ ಆಗುವ ಹಡಗಿನ ಕಾರ್ಡ್ ಕೊಡುತ್ತಾರೆ. ಕೆಲವು ಮಾರ್ಗಗಳಲ್ಲಿ ಬಂದರಿನ ಔಪಚಾರಿಕತೆಗಳಿಗಾಗಿ ಪಾಸ್‌ಪೋರ್ಟುಗಳನ್ನು ಹಡಗಿನ ಸಿಬ್ಬಂದಿಯೇ ತಮ್ಮಲ್ಲಿ ಇರಿಸಿಕೊಳ್ಳುತ್ತಾರೆ. ಆಗ ರಸೀದಿ ಕೇಳಿ ಪಡೆಯಿರಿ. ದಡಕ್ಕೆ ಇಳಿಯುವಾಗ ಹಡಗಿನ ಕಾರ್ಡ್, ಒಂದು ಫೋಟೊ ಗುರುತಿನ ಚೀಟಿ, ಪಾಸ್‌ಪೋರ್ಟಿನ ನಕಲು ಬಹುತೇಕ ಬಂದರುಗಳಲ್ಲಿ ಸಾಕು. ಮೂಲ ಪಾಸ್‌ಪೋರ್ಟ್ ಕಡ್ಡಾಯವಾಗಿರುವ ಕಡೆ ಹಿಂದಿನ ದಿನವೇ ಪ್ರಕಟಣೆ ಬರುತ್ತದೆ.

ದಡದಲ್ಲಿ ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ದೂರು ಕೊಟ್ಟು, ಅದರ ಪ್ರತಿಯೊಂದಿಗೆ ನಿಮ್ಮ ದೇಶದ ರಾಯಭಾರ ಕಚೇರಿಯಿಂದ ತುರ್ತು ಪ್ರಯಾಣ ಪತ್ರ ಪಡೆಯಬೇಕು. ಹಡಗೇ ತಪ್ಪಿಹೋದರೆ, ಕೋಣೆಯ ಪೆಟ್ಟಿಗೆಯಲ್ಲಿ ಸಿಕ್ಕ ಪಾಸ್‌ಪೋರ್ಟನ್ನು ಸಿಬ್ಬಂದಿ ಹೊರಡುವ ಮುನ್ನ ಹಡಗು ಕಂಪನಿಯ ಸ್ಥಳೀಯ ಏಜೆಂಟರ ಕೈಗೆ ಒಪ್ಪಿಸುವ ರೂಢಿ ಅನೇಕ ಹಡಗುಗಳಲ್ಲಿದೆ. ಆ ಏಜೆಂಟರ ದೂರವಾಣಿ ಸಂಖ್ಯೆಯನ್ನು ಕೋಣೆಗೆ ಬರುವ ದಿನದ ಕಾರ್ಯಕ್ರಮ ಪಟ್ಟಿಯಲ್ಲಿ ಹುಡುಕಿ, ಮೆಟ್ಟಿಲಿಳಿಯುವ ಮುನ್ನ ಮೊಬೈಲ್‌ನಲ್ಲಿ ಅದರ ಚಿತ್ರ ತೆಗೆದುಕೊಳ್ಳಿ.