ಕನ್ನಡ ವಾಕ್ಯವನ್ನು ಹಿಂದಿನಿಂದ ಓದಿ, ಇಂಗ್ಲಿಷ್ ಕೈಗೆ ಸಿಗುತ್ತದೆ

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಲೋಕಲ್ ರೈಲಿಗಾಗಿ ಕಾಯುವ ಕನ್ನಡಿಗರ ಕಿವಿಗೆ ದಿನವೂ ಒಂದು ಇಂಗ್ಲಿಷ್ ಪಾಠ ಬೀಳುತ್ತದೆ. ಪ್ಲಾಟ್‌ಫಾರ್ಮಿನ ಧ್ವನಿವರ್ಧಕ ಮರಾಠಿ, ಹಿಂದಿ ಮುಗಿಸಿ ಇಂಗ್ಲಿಷಿಗೆ ಬರುತ್ತದೆ: ‘ದಿಸ್ ಟ್ರೇನ್ ವಿಲ್ ನಾಟ್ ಹಾಲ್ಟ್ ಅಟ್ ಮುಲುಂಡ್.’ ಈ ಗಾಡಿ ಮುಲುಂಡ್‌ನಲ್ಲಿ ನಿಲ್ಲುವುದಿಲ್ಲ. ಭಾನುವಾರ ಸಂಜೆ ನಾನು ನಡೆಸುವ ತರಗತಿ ಶುರುವಾಗುವುದು ಈ ಒಂದೇ ವಾಕ್ಯದಿಂದ. ಅಲ್ಲಿಗೆ ಬರುವವರು ಹೋಟೆಲಿನ ಗಲ್ಲಾಪೆಟ್ಟಿಗೆ ನೋಡಿಕೊಳ್ಳುವವರು, ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿರುವ ತಾಯಂದಿರು, ಮದುವೆಯಾಗಿ ಊರಿನಿಂದ ಈಚೆಗೆ ಬಂದ ಹುಡುಗಿಯರು. ಮುಂಬಯಿಗೆ ಇದು ಹೊಸತಲ್ಲ. ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ತಲೆಮಾರುಗಳೇ ಈ ನಗರದಲ್ಲಿವೆ.

ಮೊದಲು ವಾಕ್ಯವನ್ನು ತಿರುಗಿಸಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ‘ಈ ಗಾಡಿ’ ಎಂಬುದನ್ನು ಎಡಗಡೆ ಬರೆದು ಬದಿಗಿಡಿ. ಉಳಿದದ್ದನ್ನು ಬಿಡಿಸಿ ಬರೆಯಿರಿ: ಮುಲುಂಡ್ – ನಲ್ಲಿ – ನಿಲ್ಲು – ವುದಿಲ್ಲ. ಈಗ ಬಲಗಡೆಯಿಂದ ಓದಿ. ವುದಿಲ್ಲ, ನಿಲ್ಲು, ನಲ್ಲಿ, ಮುಲುಂಡ್. ವಿಲ್ ನಾಟ್, ಹಾಲ್ಟ್, ಅಟ್, ಮುಲುಂಡ್. ಒಂದು ಪದವೂ ಸ್ಥಾನ ತಪ್ಪಲಿಲ್ಲ.

ಇನ್ನೂ ಉದ್ದದ ವಾಕ್ಯ ನೋಡೋಣ. ‘ನಾನು ನಾಳೆ ಮಗನೊಂದಿಗೆ ಠಾಣೆಗೆ ಹೋಗುತ್ತೇನೆ.’ ‘ನಾನು’ ಮೊದಲೇ ಇರಲಿ. ಹಿಂದಿನಿಂದ ಬನ್ನಿ: ಹೋಗುತ್ತೇನೆ, ಠಾಣೆಗೆ, ಮಗನೊಂದಿಗೆ, ನಾಳೆ. ‘ಐ ವಿಲ್ ಗೋ ಟು ಠಾಣೆ ವಿತ್ ಮೈ ಸನ್ ಟುಮಾರೋ.’ ನಮ್ಮ ‘ಗೆ’, ‘ಇಂದ’, ‘ಅಲ್ಲಿ’, ‘ಒಂದಿಗೆ’ ಪದದ ಬಾಲಕ್ಕೆ ಅಂಟುತ್ತವೆ. ಇಂಗ್ಲಿಷಿನ ಟು, ಫ್ರಮ್, ಇನ್, ವಿತ್ ಪದದ ಮುಂದೆ ನಡೆಯುತ್ತವೆ. ಆದರೆ ‘ನನ್ನ ಮಗ’, ‘ದೊಡ್ಡ ಮನೆ’ ಇಂಥ ಜೋಡಿಗಳನ್ನು ಮಾತ್ರ ತಿರುಗಿಸಬೇಡಿ. ‘ಮೈ ಸನ್’, ‘ಬಿಗ್ ಹೌಸ್’ ಎಂದು ಅವು ಕನ್ನಡದ ಸಾಲಿನಲ್ಲೇ ಇರುತ್ತವೆ.

ಮನೆಯಲ್ಲಿ ತುಳು ಅಥವಾ ಕೊಂಕಣಿ, ಹೊರಗೆ ಮರಾಠಿ, ಹಿಂದಿ, ಜೊತೆಗೆ ಕನ್ನಡ ಆಡುವವರು ಇಂಗ್ಲಿಷಿನಲ್ಲಿ ಏಕೆ ತಡವರಿಸುತ್ತಾರೆ ಎಂದು ಬಹುಕಾಲ ಯೋಚಿಸಿದ್ದೇನೆ. ಈ ಐದೂ ಭಾಷೆಗಳು ಕ್ರಿಯಾಪದವನ್ನು ಕೊನೆಗೆ ಇಡುತ್ತವೆ. ಮಧ್ಯದಲ್ಲಿ ಇಡುವ ಭಾಷೆ ಅವರಿಗೆ ಎದುರಾಗುವುದು ಇಂಗ್ಲಿಷಿನಲ್ಲೇ ಮೊದಲು. ದಡ್ಡತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನೊಂದು ಮಾತು. ‘ರಾಮನು ರಾವಣನನ್ನು ಕೊಂದನು’ ಎಂದರೂ ‘ರಾವಣನನ್ನು ರಾಮನು ಕೊಂದನು’ ಎಂದರೂ ಸತ್ತವನು ರಾವಣನೇ, ಏಕೆಂದರೆ ‘ಅನ್ನು’ ಪ್ರತ್ಯಯ ಅವನನ್ನು ಬಿಟ್ಟು ಹೋಗುವುದಿಲ್ಲ. ಇಂಗ್ಲಿಷಿನಲ್ಲಿ ಆ ಪ್ರತ್ಯಯವಿಲ್ಲ. ಹೆಸರುಗಳು ಅದಲುಬದಲಾದರೆ ರಾಮನೇ ಸತ್ತುಹೋಗುತ್ತಾನೆ. ಆದ್ದರಿಂದ ಸ್ಥಾನದ ವಿಷಯದಲ್ಲಿ ಸಡಿಲ ಬೇಡ.

‘ನನಗೆ’ ಎಂಬುದನ್ನು ಹುಡುಕಿ

ಹೆಚ್ಚಿನ ತಪ್ಪುಗಳು ಹುಟ್ಟುವುದು ಇಲ್ಲೇ. ನನ್ನ ತರಗತಿಯ ಗೃಹಿಣಿಯೊಬ್ಬರು ವೈದ್ಯರ ಬಳಿ ‘ಟು ಮಿ ಫೀವರ್ ಕೇಮ್’ ಎಂದಿದ್ದರು. ವೈದ್ಯರಿಗೆ ಅರ್ಥವಾಯಿತು, ಔಷಧಿಯೂ ಸಿಕ್ಕಿತು. ಆದರೆ ಪಕ್ಕದ ಬೆಂಚಿನಲ್ಲಿ ಯಾರೋ ನಕ್ಕರಂತೆ. ಆಮೇಲೆ ಎಷ್ಟೋ ದಿನ ಅವರು ಬಾಯಿ ತೆರೆಯಲಿಲ್ಲ. ಆ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು ಅವರಿಗೆ ಹೇಳಿದೆ: ‘ಅಕ್ಕಾ, ನೀವು ಕನ್ನಡದಲ್ಲಿ ಸರಿಯಾಗಿಯೇ ಯೋಚಿಸಿದ್ದೀರಿ.’ ಕನ್ನಡದಲ್ಲಿ ಜ್ವರ, ಹಸಿವು, ನಿದ್ದೆ, ಕೋಪ, ನೆನಪು ಎಲ್ಲವೂ ನೆಂಟರ ಹಾಗೆ ನಮ್ಮ ಬಳಿಗೆ ಬರುತ್ತವೆ. ಹಾಗಾಗಿ ‘ನನಗೆ’. ಇಂಗ್ಲಿಷಿನಲ್ಲಿ ಅವು ಬರುವುದಿಲ್ಲ, ನಾವೇ ಕರ್ತೃವಾಗಿ ನಿಲ್ಲಬೇಕು. ಇಂಥ ‘ನನಗೆ’ ಬಂದಲ್ಲೆಲ್ಲ ‘ಐ’ ಎಂದು ಆರಂಭಿಸಿ.

ಮುಂದಿನ ಪದ ಯಾವುದು? ಹೆಸರಿಸಬಹುದಾದ ಕಾಯಿಲೆ ಅಥವಾ ನಮ್ಮವರು, ನಮ್ಮದು ಎನ್ನುವಂಥದ್ದಾದರೆ ‘ಹ್ಯಾವ್’. ನನಗೆ ಜ್ವರ, ‘ಐ ಹ್ಯಾವ್ ಎ ಫೀವರ್’. ನನಗೆ ಇಬ್ಬರು ಮಕ್ಕಳು, ‘ಐ ಹ್ಯಾವ್ ಟೂ ಚಿಲ್ಡ್ರನ್’. ಮೈಮನಸ್ಸಿನ ಸ್ಥಿತಿಯಾದರೆ ‘ಆಮ್’. ಹಸಿವಾಗಿದೆ, ‘ಐ ಆಮ್ ಹಂಗ್ರಿ’. ಸುಸ್ತಾಗಿದೆ, ‘ಐ ಆಮ್ ಟೈರ್ಡ್’. ಗೊತ್ತು, ಬೇಕು, ಇಷ್ಟ, ನೆನಪಿದೆ ಎನ್ನುವಂಥ ಮನಸ್ಸಿನ ಕೆಲಸಗಳಿಗೆ ಅವುಗಳದೇ ಕ್ರಿಯಾಪದ: ಐ ನೋ, ಐ ವಾಂಟ್, ಐ ಲೈಕ್, ಐ ರಿಮೆಂಬರ್. ‘ನನಗೆ ಈಜಲು ಬರುತ್ತದೆ’ ಎನ್ನಲು ‘ಐ ಕ್ಯಾನ್ ಸ್ವಿಮ್’. ಒಂದು ವಾರ ದಿನಕ್ಕೆ ಹತ್ತು ‘ನನಗೆ’ ವಾಕ್ಯ ಬರೆದು ಬದಲಾಯಿಸಿ. ಹನ್ನೆರಡು ಕಾಲರೂಪಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಇದರಿಂದ ಬೇಗ ಫಲ ಸಿಗುತ್ತದೆ ಎಂಬುದು ನನ್ನ ಅನುಭವ.

‘ಹೋದಲಿಲ್ಲ’ ಎನ್ನುತ್ತೇವೆಯೇ?

‘ಐ ಡಿಡ್ ನಾಟ್ ವೆಂಟ್’ ಎಂಬ ತಪ್ಪನ್ನು ತಿದ್ದಲು ಕನ್ನಡವೇ ಸಾಕು. ಹೋದೆ, ಹೋಗಲಿಲ್ಲ. ಬಂದೆ, ಬರಲಿಲ್ಲ. ತಿಂದೆ, ತಿನ್ನಲಿಲ್ಲ. ‘ಹೋದಲಿಲ್ಲ’ ಎಂದು ಚಿಕ್ಕ ಮಗುವೂ ಹೇಳುವುದಿಲ್ಲ. ‘ಇಲ್ಲ’ ಸೇರಿದ ಕೂಡಲೇ ‘ಹೋದ’ ಹಿಂದೆ ಸರಿದು ಮೂಲ ಧಾತು ಮರಳುತ್ತದೆ. ಇಂಗ್ಲಿಷಿನ ಲೆಕ್ಕವೂ ಅದೇ: ವೆಂಟ್, ಡಿಡ್ ನಾಟ್ ಗೋ, ಕೇಮ್, ಡಿಡ್ ನಾಟ್ ಕಮ್, ಏಟ್, ಡಿಡ್ ನಾಟ್ ಈಟ್. ಪ್ರಶ್ನೆಯಲ್ಲಿ ಮಾತ್ರ ಎಚ್ಚರ. ಕನ್ನಡದಲ್ಲಿ ‘ಹೋದಿರಾ?’ ಎಂದು ಭೂತಕಾಲ ಹಾಗೇ ಉಳಿಯುತ್ತದೆ, ಇಂಗ್ಲಿಷಿನಲ್ಲಿ ಉಳಿಯುವುದಿಲ್ಲ: ‘ಡಿಡ್ ಯು ಗೋ?’

‘ಎ’ ಮತ್ತು ‘ಆ್ಯನ್’ ಗೊಂದಲಕ್ಕೆ ನಮ್ಮ ವರ್ಣಮಾಲೆ ಸಾಕು. ಪದವನ್ನು ಉಚ್ಚರಿಸಿದಂತೆ ಕನ್ನಡದಲ್ಲಿ ಬರೆಯಿರಿ. ಮೊದಲ ಅಕ್ಷರ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’. ಗಂಟೆ ಎಂಬರ್ಥದ ‘ಅವರ್’ ಇಂಗ್ಲಿಷಿನಲ್ಲಿ ಎಚ್‌ನಿಂದ ಶುರುವಾದರೂ ಕನ್ನಡದಲ್ಲಿ ಬರೆದರೆ ‘ಅ’, ಹಾಗಾಗಿ ‘ಆ್ಯನ್ ಅವರ್’. ‘ಯೂನಿಫಾರ್ಮ್’ ಯಕಾರದಿಂದ ಶುರು, ಹಾಗಾಗಿ ‘ಎ ಯೂನಿಫಾರ್ಮ್’. ‘ಎಗ್’ ಅನ್ನು ‘ಯೆಗ್’ ಎನ್ನುವ ರೂಢಿ ಇರುವವರು ಮೊದಲು ಆ ಉಚ್ಚಾರ ತಿದ್ದಿಕೊಳ್ಳಬೇಕು.

ಎಷ್ಟು ವರ್ಷದಿಂದ ಇಲ್ಲಿದ್ದೀರಿ?

ಮುಂಬಯಿಯಲ್ಲಿ ಯಾರೇ ಪರಿಚಯವಾದರೂ ಕೇಳುವ ಪ್ರಶ್ನೆ ಇದು. ಉತ್ತರದಲ್ಲಿ ‘ಸಿನ್ಸ್ ಟ್ವೆಂಟಿ ಇಯರ್ಸ್’ ಎಂದು ಬಂದುಬಿಡುತ್ತದೆ. ‘1998ರಿಂದ’, ‘ಇಪ್ಪತ್ತು ವರ್ಷಗಳಿಂದ’ ಎರಡಕ್ಕೂ ನಮ್ಮಲ್ಲಿ ಒಂದೇ ‘ಇಂದ’. ಇಂಗ್ಲಿಷಿನಲ್ಲಿ ಎರಡು. ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದ ದಿನ, ತಿಂಗಳು, ಇಸವಿಗೆ ‘ಸಿನ್ಸ್’. ಬೆರಳು ಮಡಚಿ ಎಣಿಸುವ ಅವಧಿಗೆ ‘ಫಾರ್’. ‘ಐ ಹ್ಯಾವ್ ಬೀನ್ ಇನ್ ಮುಂಬೈ ಫಾರ್ ಟ್ವೆಂಟಿ ಇಯರ್ಸ್.’

ಮರ್ಯಾದೆ ಎಲ್ಲಿದೆ?

‘ನೀರು ಕೊಡು’, ‘ನೀರು ಕೊಡಿ’ ಇವುಗಳ ಅಂತರ ನಮಗೆ ಒಂದು ಗುಣಿತಾಕ್ಷರದಲ್ಲಿ ಗೊತ್ತಾಗುತ್ತದೆ. ಇಂಗ್ಲಿಷಿನ ‘ಗಿವ್’ ಪದಕ್ಕೆ ಆ ‘ಇ’ ಇಲ್ಲ. ನಾವು ಮನಸ್ಸಿನಲ್ಲಿ ‘ಕೊಡಿ’ ಎಂದುಕೊಂಡು ‘ಗಿವ್ ಮಿ ವಾಟರ್’ ಎಂದರೂ ಕೇಳುವವರಿಗೆ ‘ಕೊಡು’ ಎಂದಂತೆಯೇ ಕೇಳಿಸುತ್ತದೆ. ವಿನಯದ ಸ್ವಭಾವದವರೂ ಒರಟರೆನಿಸಿಕೊಳ್ಳುವುದು ಹೀಗೆ, ಅದನ್ನು ಕಂಡಾಗ ನನಗೆ ನೋವಾಗುತ್ತದೆ. ‘ಕುಡ್ ಐ ಹ್ಯಾವ್ ಸಮ್ ವಾಟರ್, ಪ್ಲೀಸ್?’ ಎನ್ನಿ. ‘ಕುಡ್’ ಮತ್ತು ‘ಪ್ಲೀಸ್’ ಎರಡೂ ಸೇರಿ ನಮ್ಮ ಆ ‘ಇ’ಯ ಕೆಲಸ ಮಾಡುತ್ತವೆ. ತಂದೆಯವರ ಬಗ್ಗೆ ಹೇಳುವಾಗ ‘ಅವರು’ ಎಂಬ ಗೌರವವನ್ನು ‘ದೇ’ ಎಂದು ಬದಲಾಯಿಸಬೇಡಿ. ಅಲ್ಲಿ ‘ಹೀ’ ಎಂದರೆ ಅಗೌರವವಲ್ಲ.

ಶಾಲೆಯ ಪಾಲಕರ ಸಭೆಗೆ ಹೋಗುವವರು ಮೂರು ವಾಕ್ಯಗಳನ್ನು ಮನೆಯಲ್ಲೇ ಜೋರಾಗಿ ಹೇಳಿ ರೂಢಿಸಿಕೊಳ್ಳಿ. ‘ಹೌ ಈಸ್ ಮೈ ಡಾಟರ್ ಡೂಯಿಂಗ್ ಇನ್ ಕ್ಲಾಸ್?’ ನನ್ನ ಮಗಳು ತರಗತಿಯಲ್ಲಿ ಹೇಗಿದ್ದಾಳೆ? ‘ವಿಚ್ ಸಬ್ಜೆಕ್ಟ್ ಶುಡ್ ಶಿ ವರ್ಕ್ ಆನ್?’ ಯಾವ ವಿಷಯದ ಕಡೆ ಗಮನ ಕೊಡಬೇಕು? ಶಿಕ್ಷಕರ ಮಾತು ವೇಗವಾಗಿ ಓಡಿದರೆ, ಅರ್ಥವಾದವರಂತೆ ತಲೆಯಾಡಿಸದೆ, ಮೂರನೆಯದನ್ನು ಕೇಳಿ: ‘ಕುಡ್ ಯು ಸೇ ದಟ್ ಅಗೇನ್ ಸ್ಲೋಲಿ, ಪ್ಲೀಸ್?’ ಜ್ವರದ ವಾಕ್ಯ ಹೇಳಿ ಮೌನವಾಗಿದ್ದ ಆ ಅಕ್ಕ ಕಳೆದ ಸಭೆಯಲ್ಲಿ ಇದನ್ನು ಎರಡು ಸಲ ಕೇಳಿದರಂತೆ. ಶಿಕ್ಷಕಿ ಎರಡು ಸಲವೂ ನಿಧಾನವಾಗಿ ಹೇಳಿದರಂತೆ.