ಡ್ರ್ಯಾಗ್ ರೇಸಿಗೆ ಹೊರಡುವ ಮುನ್ನ: ಹವೆಯ ಲೆಕ್ಕ, ದಾರಿಯ ಸಿದ್ಧತೆ

ಡ್ರ್ಯಾಗ್ ರೇಸಿನಲ್ಲಿ ನಿಂತ ಜಾಗದಿಂದ ಹೊರಟು 402 ಮೀಟರಿನ ನೇರ ದಾರಿಯನ್ನು ಮುಗಿಸುವುದಷ್ಟೇ ಕೆಲಸವಾದ್ದರಿಂದ, ಸೆಕೆಂಡಿನ ನೂರನೆಯ ಒಂದು ಪಾಲೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಲೋಣಾವಳದ ಸಮೀಪದ ಆಂಬಿ ವ್ಯಾಲಿ ವಿಮಾನಪಟ್ಟಿಯಲ್ಲೋ ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲೋ ಬೈಕ್ ಓಡಿಸಲು ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಿಂದ ಹೊರಡುವ ಯುವಕರು ಕ್ಲಚ್ ಪ್ಲೇಟು, ಚೈನು, ಸ್ಪ್ರಾಕೆಟ್ಟುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಾರೆ. ಹವಾಮಾನದ ವಿಷಯ ಬಂದಾಗ ಮಾತ್ರ ಮಳೆ ಬರುತ್ತದೆಯೋ ಇಲ್ಲವೋ ಎಂದು ವಿಚಾರಿಸಿ ಸುಮ್ಮನಾಗುತ್ತಾರೆ. ಅಷ್ಟು ಸಾಲದು.

ಎಂಜಿನ್ ಎಳೆದುಕೊಳ್ಳುವ ಗಾಳಿ ಎಷ್ಟು ದಟ್ಟವಾಗಿದೆಯೋ ಅಷ್ಟು ಆಮ್ಲಜನಕ ಅದಕ್ಕೆ ಸಿಗುತ್ತದೆ, ಅದಕ್ಕೆ ತಕ್ಕಷ್ಟೇ ಶಕ್ತಿ ಹುಟ್ಟುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸಾಮಾನ್ಯವಾಗಿ 1013 ಹೆಕ್ಟೊಪಾಸ್ಕಲ್ ಇದ್ದರೆ, ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲಿ ಅದು 925ರ ಆಸುಪಾಸಿಗೆ ಇಳಿದಿರುತ್ತದೆ. ಅದರ ಮೇಲೆ ಬಿಸಿಲೇರಿ ಉಷ್ಣತೆ 30 ಡಿಗ್ರಿ ಮುಟ್ಟಿತೆಂದರೆ, ಎಂಜಿನ್ನಿನ ಪಾಲಿಗೆ ಇಲ್ಲಿಯ ಗಾಳಿ ಹೆಚ್ಚುಕಡಿಮೆ 1,500 ಮೀಟರ್ ಎತ್ತರದ ಗಾಳಿಯಷ್ಟು ತೆಳುವಾಗುತ್ತದೆ. ನೀರಾವಿ ಒಣಗಾಳಿಗಿಂತ ಹಗುರವಾದ್ದರಿಂದ ತೇವಾಂಶ ಹೆಚ್ಚಿದಾಗಲೂ ಶಕ್ತಿ ತುಸು ಕುಗ್ಗುತ್ತದೆ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಮೊಬೈಲಿನ ಹವಾಮಾನ ಆ್ಯಪ್‌ಗಳು ಸಾಮಾನ್ಯವಾಗಿ ತೋರಿಸುವುದು ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡವನ್ನು. ಆದ್ದರಿಂದ ಬೆಳಗಾವಿಗೂ ಚೆನ್ನೈಗೂ ಅವು ಹತ್ತಿರಹತ್ತಿರದ ಅಂಕಿಗಳನ್ನೇ ಕೊಡುತ್ತವೆ. ನಮಗೆ ಬೇಕಾದದ್ದು ಬೈಕು ನಿಂತ ನೆಲದಲ್ಲಿರುವ ನಿಜವಾದ ಒತ್ತಡ. ಅದನ್ನು ಬ್ಯಾರೊಮೀಟರ್ ಸೆನ್ಸರ್ ಇರುವ ಫೋನಿನಲ್ಲಿಯೋ ಕೈಗಡಿಯಾರದಲ್ಲಿಯೋ ನೋಡಿಕೊಂಡು, ಪ್ರತಿ ಓಟದ ಸಮಯ, ಉಷ್ಣತೆ ಮತ್ತು ತೇವಾಂಶದ ಜೊತೆಗೆ ಒಂದು ವಹಿಯಲ್ಲಿ ಬರೆದಿಡಬೇಕು. ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಬೈಕಿಗೆ ಈ ವಹಿ ಬಹಳ ಮುಖ್ಯ. ಬೆಳಗಾವಿಯ ತೆಳುಗಾಳಿಗೆ ಹೊಂದಿಸಿದ ಮೇನ್ ಜೆಟ್ಟನ್ನೇ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಎಷ್ಟು ಹರಿಯಬೇಕೆಂದು ಹಿಡಿದಿಡುವ ಸಣ್ಣ ತೂತಿನ ಬಿಡಿಭಾಗ) ಇಟ್ಟುಕೊಂಡು ಇರುಂಗಾಟ್ಟುಕೋಟ್ಟೈಗೆ ಹೋದರೆ, ಅಲ್ಲಿಯ ದಟ್ಟ ಗಾಳಿಗೆ ಪೆಟ್ರೋಲ್ ಸಾಲದೆ ಎಂಜಿನ್ ಅತಿಯಾಗಿ ಕಾದು ಪಿಸ್ಟನ್ ಹಾಳಾಗುವ ಸಂಭವವಿರುತ್ತದೆ. ಒಂದೆರಡು ಅಳತೆ ದೊಡ್ಡದಾದ ಜೆಟ್ಟುಗಳನ್ನು ಮೊದಲೇ ತರಿಸಿಕೊಳ್ಳುವುದು ಲೇಸು, ಏಕೆಂದರೆ ರೇಸಿನ ದಿನ ಅವು ಅಲ್ಲಿ ಸಿಕ್ಕಾವೆಂಬ ಭರವಸೆಯಿಲ್ಲ.

ಆಂಬಿ ವ್ಯಾಲಿಗೆ ಹೋಗುವವರು ಬೆಳಗಾವಿಯಿಂದ ನಿಪ್ಪಾಣಿ, ಕೊಲ್ಹಾಪುರ, ಸಾತಾರಾ ಮೇಲೆ ಪುಣೆ ತಲುಪಬೇಕು. ವಿಜಯಪುರದವರಿಗೆ ಸೊಲ್ಲಾಪುರದ ದಾರಿ ಹತ್ತಿರ. ನಂಬರ್ ಪ್ಲೇಟು, ದೀಪಗಳನ್ನು ಕಳಚಿದ ರೇಸ್ ಬೈಕನ್ನು ರಸ್ತೆಯ ಮೇಲೆ ಓಡಿಸದೆ ಪಿಕಪ್‌ನಲ್ಲಿಯೇ ಒಯ್ಯಬೇಕು. ಚಳಿಗಾಲದ ರೇಸ್ ಎಂದರೆ ಕಬ್ಬಿನ ಹಂಗಾಮೂ ಹೌದು. ಸಂಕೇಶ್ವರ, ಚಿಕ್ಕೋಡಿ, ಮುಧೋಳ, ಜಮಖಂಡಿಯ ಕಡೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ರಾತ್ರಿಯೆಲ್ಲ ಓಡಾಡುತ್ತವೆ. ಹಿಂದಿನ ಟ್ರೇಲರಿಗೆ ಕೆಂಪು ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇಲ್ಲದಿದ್ದರೆ ತೀರ ಹತ್ತಿರ ಹೋಗುವವರೆಗೆ ಅದು ಕಾಣುವುದೇ ಇಲ್ಲ. ಆದ್ದರಿಂದ ರಾತ್ರಿ ಪ್ರಯಾಣ ಬೇಡವೆಂದೇ ನನ್ನ ಖಚಿತ ಸಲಹೆ: ಹಿಂದಿನ ದಿನ ಬೆಳಕು ಹರಿದ ಮೇಲೆ ಹೊರಟು, ಸಾತಾರಾ, ಪುಣೆ ನಡುವಿನ ಖಂಬಾಟ್ಕಿ ಘಾಟನ್ನು ಹಗಲಿನಲ್ಲಿಯೇ ದಾಟಿಕೊಳ್ಳಿ. ಲೋಣಾವಳದಿಂದ ಮುಂದಿನ ಘಾಟ್ ರಸ್ತೆಯಲ್ಲಿ ಮಂಜು ಕವಿಯುವುದುಂಟು, ಅದಕ್ಕೂ ಸಮಯ ಕೈಯಲ್ಲಿರಲಿ. ಮಳೆಗಾಲದಲ್ಲಿ ಹೋಗುವ ಪ್ರಸಂಗ ಬಂದರೆ ನದಿಗಳ ಮಟ್ಟವನ್ನು ವಿಚಾರಿಸಿಯೇ ಹೊರಡಬೇಕು. 2019ರಲ್ಲಿಯೂ 2021ರಲ್ಲಿಯೂ ಕೊಲ್ಹಾಪುರದ ಬಳಿಯ ಶಿರೋಲಿಯಲ್ಲಿ ಪಂಚಗಂಗೆಯ ನೀರು ಏರಿ ಹೆದ್ದಾರಿ ಬಂದಾಗಿತ್ತು.

ಪಿಕಪ್‌ನಲ್ಲಿ ಬೈಕನ್ನು ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಬಾರದು. ನೆಟ್ಟಗೆ ನಿಲ್ಲಿಸಿ, ಮುಂದಿನ ಗಾಲಿಯನ್ನು ಕ್ಯಾಬಿನ್ನಿನ ಕಡೆಯ ಗೋಡೆಗೆ ಆನಿಸಿ, ನಾಲ್ಕು ದಿಕ್ಕಿಗೆ ರ‍್ಯಾಚೆಟ್ ಬೆಲ್ಟುಗಳನ್ನು ಬಿಗಿಯಬೇಕು. ಮುಂದಿನ ಸಸ್ಪೆನ್ಷನ್ ಅರ್ಧದಷ್ಟು ಕುಗ್ಗಿದರೆ ಸಾಕು. ಪೂರ್ತಿ ಅದುಮಿ ಕಟ್ಟಿದರೆ ಫೋರ್ಕಿನ ಆಯಿಲ್ ಸೀಲ್ ಕೆಡಬಹುದು. ಬ್ರೇಕ್ ಪೈಪಿನ ಮೇಲೆ ಬೆಲ್ಟ್ ಹಾಯದಂತೆ ನೋಡಿಕೊಳ್ಳಿ. ಬೆಲ್ಟುಗಳು ಮೊದಲ ನಲವತ್ತು, ಐವತ್ತು ಕಿಲೋಮೀಟರಿನಲ್ಲಿಯೇ ಸಡಿಲಗೊಳ್ಳುವುದರಿಂದ, ಸಂಕೇಶ್ವರದ ಹತ್ತಿರ ಚಹಾಕ್ಕೆ ನಿಂತಾಗ ಒಮ್ಮೆ ಬಿಗಿದುಕೊಳ್ಳಬೇಕು. ಮೇಲೆ ಹೊದಿಸಿದ ತಾಡಪತ್ರಿ ಗಾಳಿಗೆ ಪಟಪಟ ಬಡಿದು ಟ್ಯಾಂಕಿನ ಬಣ್ಣ ಉಜ್ಜಿಹೋಗದಂತೆ ಒಳಗೊಂದು ಹಳೆಯ ಚಾದರ ಸುತ್ತಿರಲಿ.

ಟೈರಿನ ಗಾಳಿಯನ್ನು ಊರಿನಲ್ಲಿ ಹಿಡಿದ ಅಳತೆಗೆ ಬಿಡಬೇಡಿ. ಉಷ್ಣತೆ ಐದಾರು ಡಿಗ್ರಿ ಏರಿದರೆ ಟೈರಿನ ಒತ್ತಡ ಸುಮಾರು ಒಂದು ಪಿಎಸ್‌ಐ ಹೆಚ್ಚುತ್ತದೆ. ಬೆಳಗಿನ ಚಳಿಯಲ್ಲಿ ಸರಿಯಾಗಿದ್ದ ಟೈರು ನಡುಹಗಲ ಡಾಂಬರಿನ ಮೇಲೆ ಉಬ್ಬಿ ಹಿಡಿತ ಕಳೆದುಕೊಳ್ಳುತ್ತದೆ, ಆದ್ದರಿಂದ ಪ್ರತಿ ಓಟಕ್ಕೂ ಮುಂಚೆ ಸ್ವಂತ ಗೇಜಿನಿಂದ ಅಳೆಯಿರಿ. ಸರದಿಯಲ್ಲಿ ಕಾಯುವಾಗ ಬೈಕನ್ನು ಬಿಸಿಲಿಗೆ ಬಿಡದಿರಲು ಒಂದು ದೊಡ್ಡ ಛತ್ರಿ ಬೇಕು. ಅಭ್ಯಾಸದ ಓಟಗಳಿಗೆ ನೀವೇ ಹೊತ್ತು ಆರಿಸಿಕೊಳ್ಳಬಹುದಾದರೆ ಬೆಳಗಿನ ತಂಪು ಹೊತ್ತನ್ನೇ ಕೇಳಿ ಪಡೆಯಿರಿ. ಮಳೆ ಹನಿದರೆ ಗೀರುಗಳಿಲ್ಲದ ಸ್ಲಿಕ್ ಟೈರು ನೀರನ್ನು ಹೊರದೂಡಲಾರದು. ಟ್ರ್ಯಾಕ್ ಒಣಗಿತೆಂದು ಅಧಿಕಾರಿಗಳು ಹೇಳುವವರೆಗೆ ಬೈಕನ್ನು ಪಿಕಪ್ ಪಕ್ಕದಲ್ಲಿಯೇ ನಿಲ್ಲಿಸಿಕೊಂಡಿರಿ.