‘ಕನ್ನಡ ಬರ್ತಾ ಇಲ್ಲ’ ಅಂತ ಕೇಳುವ ಮುಂಚೆ

“ಸರ್, ಕನ್ನಡ ಬರ್ತಾ ಇಲ್ಲ, ಅರ್ಜೆಂಟ್, ಯಾರಾದ್ರೂ ಹೆಲ್ಪ್ ಮಾಡಿ.” ಕನ್ನಡ ತಂತ್ರಾಂಶ ಬಳಸುವವರ ಯಾವ ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪಿಗೆ ಹೋದರೂ ಇಂಥದೊಂದು ಸಾಲು ಸಿಗುತ್ತದೆ. ಇದಕ್ಕೆ ಬರುವ ಉತ್ತರಗಳೆಲ್ಲ ಪ್ರಶ್ನೆಗಳೇ. ಯಾವ ಸಿಸ್ಟಂ? ಯಾವ ಫಾಂಟ್? ಏನು ಕಾಣ್ತಿದೆ? ಕೇಳಿದವರಿಗೆ ಸತಾಯಿಸುತ್ತಿದ್ದಾರೆ ಅನ್ನಿಸುತ್ತದೆ. ಉತ್ತರ ಹೇಳುವವರಿಗೆ ಬಾಯಿ ಬಿಡಿಸುವಷ್ಟರಲ್ಲೇ ಸಾಕಾಗಿರುತ್ತದೆ.

‘ಬರ್ತಾ ಇಲ್ಲ’ ಅನ್ನುವುದು ಒಂದೇ ಕಾಯಿಲೆಯಲ್ಲ, ಹಲವು. ಅದಕ್ಕೇ ಪರದೆಯ ಮೇಲೆ ಕಣ್ಣಿಗೆ ಕಾಣುವುದನ್ನು ಇದ್ದ ಹಾಗೇ ಬರೆಯಿರಿ, ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

‘ಕನ್ನಡ’ ಅನ್ನುವ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ದೊಡ್ಡ ಎ, ಪೌಂಡ್ ಚಿಹ್ನೆ ಹೀಗೆ ಸಾಲಾಗಿ ಕಂಡರೆ ಅದು ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಒಳಗಿರುವುದು ಲ್ಯಾಟಿನ್ ಅಕ್ಷರಗಳೇ, ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಬಂದ ಕೂಡಲೇ ವೇಷ ಕಳಚುತ್ತದೆ. ಇದರ ಬದಲು ತಲೆಗೀಟಿನ ಸಣ್ಣ ಎ, ಅದರ ಪಕ್ಕ ಮೇಲಕ್ಕೆ ಕೂತ ಪುಟ್ಟ 2 ಅಥವಾ 3, ಈ ಜೋಡಿ ಮತ್ತೆ ಮತ್ತೆ ಬಂದರೆ ಕಥೆಯೇ ಬೇರೆ. ಅಲ್ಲಿರುವುದು ಯೂನಿಕೋಡ್, ಅಂದರೆ ಕನ್ನಡದ ಪ್ರತಿ ಅಕ್ಷರ, ಚಿಹ್ನೆಗೂ ತನ್ನದೇ ಸಂಕೇತವಿರುವ ಪದ್ಧತಿ. ಅದನ್ನು ಕಡತದಲ್ಲಿ ಉಳಿಸುವ ಒಂದು ಬಗೆಯಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಕಡತ ತೆರೆದ ತಂತ್ರಾಂಶ ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂದುಕೊಂಡಿದೆ. ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದಾಗ ಹೀಗಾಗುವುದು ಹೆಚ್ಚು. ಡೇಟಾ ಟ್ಯಾಬಿನಿಂದ ಇಂಪೋರ್ಟ್ ಮಾಡಿ ಯುಟಿಎಫ್-8 ಆರಿಸಿದರೆ ಸರಿಹೋಗುತ್ತದೆ, ಯಾರನ್ನೂ ಕೇಳಬೇಕಿಲ್ಲ.

ಖಾಲಿ ಚೌಕಗಳು ಕಂಡರೆ ಫಾಂಟ್ ಇಲ್ಲ ಅಂತ. ಚುಕ್ಕಿಗಳ ವೃತ್ತ ಕಂಡರೆ ಗುಣಿತದ ಚಿಹ್ನೆಗೆ ಹಿಂದಿನ ಅಕ್ಷರ ಸಿಕ್ಕಿಲ್ಲ. ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಸೇವ್ ಆಗಿಬಿಟ್ಟಿದ್ದರೆ ಪಠ್ಯ ಹೋಯಿತು, ಮೂಲ ಕಡತ ಹುಡುಕಿ.

ಕೇಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಒಂದು ಸಾಲು ನಕಲಿಸಿ ವಿಂಡೋಸ್‌ನ ನೋಟ್‌ಪ್ಯಾಡಿಗೆ ಅಂಟಿಸಿ. ಅಲ್ಲೂ ಕನ್ನಡವೇ ಕಂಡರೆ ಯೂನಿಕೋಡ್, ಇಂಗ್ಲಿಷ್ ಗೀಚು ಕಂಡರೆ ಹಳೆಯ ನುಡಿಯಂಥ, ಲ್ಯಾಟಿನ್ ಅಕ್ಷರಕ್ಕೆ ವೇಷ ಹಾಕುವ ಫಾಂಟಿನದು; ಗುಂಪುಗಳಲ್ಲಿ ಇದನ್ನೇ ಆಸ್ಕಿ ಅನ್ನುವುದು. ಫಲಿತಾಂಶವನ್ನು ಪ್ರಶ್ನೆಯಲ್ಲೇ ಹಾಕಿ.

ಪರದೆಯ ಚಿತ್ರ ಮತ್ತು ಪಠ್ಯ ಎರಡೂ ಕೊಡಿ, ಒಂದೇ ಸಾಲದು. ‘ರ‍್ಯಾಂಕ್’ ಅಂತ ಬರಬೇಕಾದದ್ದು ‘ರ್ಯಾಂಕ್’ ಆಗಿ ಅರ್ಕಾವತ್ತು ಬರುತ್ತಿದೆ ಅನ್ನಿ. ಎರಡಕ್ಕೂ ಇರುವ ವ್ಯತ್ಯಾಸ ರ ಆದಮೇಲೆ ಕೂರುವ, ಕಣ್ಣಿಗೆ ಕಾಣದ ಒಂದು ಜೋಡಿಸುವ ಸಂಕೇತ. ಅದು ಇದೆಯೋ ಇಲ್ಲವೋ ಚಿತ್ರದಿಂದ ತಿಳಿಯುವುದಿಲ್ಲ, ಪಠ್ಯವೇ ಬೇಕು. ಬರೀ ಪಠ್ಯ ಕಳಿಸಿದರೆ ನೋಡುವವರ ಫೋನಿನಲ್ಲಿ ಎಲ್ಲ ಸರಿಯಾಗೇ ಕಂಡು “ನಂಗೆ ಚೆನ್ನಾಗೇ ಬರ್ತಿದೆಯಲ್ಲ” ಅನ್ನುತ್ತಾರೆ. ಪರದೆಗೆ ಮೊಬೈಲ್ ಹಿಡಿದು ಫೋಟೊ ತೆಗೆಯಬೇಡಿ. ವಿಂಡೋಸ್ ಕೀ, ಶಿಫ್ಟ್, ಎಸ್ ಒಟ್ಟಿಗೆ ಒತ್ತಿದರೆ ಬೇಕಾದಷ್ಟೇ ಭಾಗ ಸಿಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಒತ್ತಕ್ಷರ ಮಸುಕಾಗುತ್ತದೆ. ಕಡತ ಕೊಡುವುದಾದರೆ ತೊಂದರೆ ಇರುವ ಒಂದು ಪ್ಯಾರಾ ಸಾಕು. ಪಹಣಿ, ಆಧಾರ್ ಸಂಖ್ಯೆಗಳಿದ್ದರೆ ಅಳಿಸಿ.

ಇನ್ನೊಂದು ಗೊಂದಲ ‘ನುಡಿ’ ಅನ್ನುವ ಹೆಸರಿನದು. “ನುಡಿ ಹಾಕಿದ್ದೀನಿ” ಅಂದರೆ ತಂತ್ರಾಂಶವೋ, ಫಾಂಟೋ, ಕೀಲಿಮಣೆ ವಿನ್ಯಾಸವೋ? ನುಡಿ ಕೀಲಿಮಣೆಯಲ್ಲಿ ಯೂನಿಕೋಡನ್ನೂ ಟೈಪ್ ಮಾಡಬಹುದು. ಫಾಂಟಿನ ಹೆಸರನ್ನು ಪಟ್ಟಿಯಲ್ಲಿರುವಂತೆಯೇ ಪೂರ್ತಿ ಬರೆಯಿರಿ. ಲಿಬ್ರೆಆಫೀಸ್‌ನಲ್ಲಿ ಕನ್ನಡಕ್ಕೆ ಫಾಂಟ್ ಆರಿಸುವ ಜಾಗವೇ ಬೇರೆ, ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನುವ ಹೆಸರಿನಲ್ಲಿ. “ಫಾಂಟ್ ಬದಲಾಯಿಸಿದರೂ ಬದಲಾಗಲ್ಲ” ಅನ್ನುವವರು ಮೊದಲು ಅಲ್ಲಿ ನೋಡಿ.

ಇಷ್ಟಾದ ಮೇಲೆ ಪ್ರಶ್ನೆ ಹೀಗಿರಲಿ:

“ಎಲ್ಲರಿಗೂ ನಮಸ್ಕಾರ. ವಿಂಡೋಸ್ 11, ವರ್ಡ್. ಡಿಟಿಪಿಯವರು ಕೊಟ್ಟ 40 ಪುಟದ ಕಡತ ನನ್ನಲ್ಲಿ ಇಂಗ್ಲಿಷ್ ಗೀಚಾಗಿ ಕಾಣುತ್ತೆ. ಫಾಂಟ್ ಹೆಸರು ನುಡಿ 01 ಇ, ನನ್ನಲ್ಲಿ ಅದಿಲ್ಲ. ನಿರ್ಮಲಾ ಯುಐಗೆ ಬದಲಾಯಿಸಿದೆ, ಹಾಗೇ ಇದೆ. ಯೂನಿಕೋಡಿಗೆ ತರಬೇಕು, ನಡುನಡುವೆ ಇಂಗ್ಲಿಷ್ ಪದಗಳಿವೆ. ಶುಕ್ರವಾರದೊಳಗೆ ಬೇಕು. ಒಂದು ಪ್ಯಾರಾ, ಚಿತ್ರ ಕೆಳಗಿದೆ.”

ಇದರಲ್ಲಿ ಬೆಲೆಬಾಳುವುದು ಇಂಗ್ಲಿಷ್ ಪದಗಳ ಮಾತು. ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕ ತಂತ್ರಾಂಶಕ್ಕೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷ ಕಳಚಿದ ಕನ್ನಡ ಅಂತ ಗೊತ್ತಾಗದೆ ಅವನ್ನೂ ಅರ್ಥವಿಲ್ಲದ ಕನ್ನಡವಾಗಿ ಮಾಡಿಬಿಡಬಹುದು. ಗೊತ್ತಿದ್ದವರು ಅದನ್ನು ಮೊದಲೇ ಎಚ್ಚರಿಸುತ್ತಾರೆ.

ಜಗಳ ಹತ್ತುವ ಜಾಗಗಳೂ ಗೊತ್ತಿರಲಿ. “ಇನ್ನೂ ಆಸ್ಕಿ ಯಾಕೆ ಸ್ವಾಮಿ, ಯೂನಿಕೋಡ್ ಬಳಸಿ” ಅಂತ ಒಬ್ಬರು ಬಂದೇ ಬರುತ್ತಾರೆ. ಮಾತು ಸರಿಯೇ, ಆದರೆ ನಿಮ್ಮ ಪ್ರೆಸ್ಸಿನವರು ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲೇ ಪುಟ ಕಟ್ಟುವವರಾದರೆ ಉಪಯೋಗವಿಲ್ಲ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಯೂನಿಕೋಡ್ ಕನ್ನಡ ಅದಕ್ಕೆ ತಿಳಿಯದು. ಇಂಥ ಕಟ್ಟುಪಾಡನ್ನು ಮೊದಲ ಸಂದೇಶದಲ್ಲೇ ಹೇಳಿಬಿಟ್ಟರೆ ಉಪದೇಶ ತಪ್ಪುತ್ತದೆ. “ಲಿನಕ್ಸ್ ಹಾಕ್ಕೊಳ್ಳಿ” ಅನ್ನುವವರಿಗೆ ಒಂದು ಥ್ಯಾಂಕ್ಸ್ ಸಾಕು. ‘ಕಡತ’ ಅನ್ನಬೇಕೋ ‘ಫೈಲ್’ ಅನ್ನಬೇಕೋ ಅನ್ನುವ ಚರ್ಚೆಗಂತೂ ಇಳಿಯಲೇಬೇಡಿ, ನಿಮ್ಮ ಪ್ರಶ್ನೆ ಮೇಲೆಲ್ಲೋ ಹೂತುಹೋಗುತ್ತದೆ. ಗುಂಪಿನಲ್ಲಿ ಉತ್ತರ ಕೊಟ್ಟವರ ಇನ್‌ಬಾಕ್ಸಿಗೆ ಕೇಳದೆ ನುಗ್ಗಬೇಡಿ. ದೂರದಿಂದಲೇ ನಿಯಂತ್ರಿಸಲು ಬಿಡುವ ಎನಿಡೆಸ್ಕ್ ತೆರೆದು ಕಂಪ್ಯೂಟರನ್ನೇ ಒಪ್ಪಿಸಿ ಅಂತ ಅಪರಿಚಿತರು ಕೇಳಿದರೆ, ಎಷ್ಟೇ ಅರ್ಜೆಂಟಿದ್ದರೂ ಒಪ್ಪಬೇಡಿ. ಮೂರು ಗುಂಪಲ್ಲಿ ಕೇಳಿದ್ದರೆ ಮೂರರಲ್ಲೂ ಹಾಗಂತ ಹೇಳಿ; ಒಂದರಲ್ಲಿ ಸರಿಹೋದದ್ದಕ್ಕೆ ಇನ್ನೊಂದರಲ್ಲಿ ಯಾರೋ ರಾತ್ರಿ ಕೂತಿರುತ್ತಾರೆ.

ಉತ್ತರ ಸಿಕ್ಕಮೇಲೆ 40 ಪುಟಕ್ಕೂ ಒಮ್ಮೆಗೇ ಕೈಹಾಕಬೇಡಿ. ಒಂದು ಪುಟ ಪರಿವರ್ತಿಸಿ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಮೂಲದ ಜೊತೆ ಹೋಲಿಸಿ. ಎಲ್ಲಿ ತಪ್ಪಿತು, ಯಾವ ಹೆಜ್ಜೆಯಿಂದ ಸರಿಯಾಯಿತು ಅನ್ನುವುದನ್ನು ಮೊದಲ ಪ್ರಶ್ನೆಗೇ ರಿಪ್ಲೈ ಮಾಡಿ ಬರೆಯಿರಿ. ‘ನುಡಿ 01 ಇ’ ಅಂತ ಹುಡುಕುವ ಮುಂದಿನವರಿಗೆ ಪ್ರಶ್ನೆ, ಉತ್ತರ ಎರಡೂ ಒಂದೇ ಕಡೆ ಸಿಗುತ್ತವೆ.